ಹೊಲ ಮಾರಬೇಡಿ, ಲೆಕ್ಕ ಬಿಡಬೇಡಿ! ವಾಯುಪಡೆಯ ಪೈಲಟ್ ಆಗುವ ದಾರಿ ಇದು

ಕಲಬುರಗಿ–ಸೇಡಂ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಶ್ರೀನಿವಾಸ ಸರಡಗಿ ಹತ್ತಿರದ ವಿಮಾನ ನಿಲ್ದಾಣ ಈಗ ಹಳೆಯ ಪರಿಚಯ. 2019ರ ನವೆಂಬರ್ 22ರಂದು ಅದರ ಉದ್ಘಾಟನೆಯಾಯಿತು. ಹಿಂದೆಯೇ ಖಾಸಗಿ ಹಾರಾಟ ತರಬೇತಿ ಶಾಲೆಗಳೂ ಬಂದವು. ಅತ್ತ ಚಿಂಚೋಳಿಯ ಮಗ್ಗುಲ ಜಿಲ್ಲೆ ಬೀದರ್‌ನಲ್ಲಿ ವಾಯುಪಡೆಯ ನೆಲೆಯೇ ಇದೆ. ಯುದ್ಧವಿಮಾನದ ಪೈಲಟ್‌ಗಳು ಹಾಕ್ ಜೆಟ್ ಮೇಲೆ ಕೈ ಪಳಗಿಸುವುದು ಅಲ್ಲೇ, ಸೂರ್ಯಕಿರಣ ತಂಡದ ತವರೂ ಅದೇ.

ಹೀಗಿರುವಾಗ ನಮ್ಮ ಹುಡುಗರು ಆಕಾಶ ನೋಡಿ ಆಸೆಪಟ್ಟರೆ ತಪ್ಪೇನು? ತಪ್ಪಿಲ್ಲ. ಆದರೆ ಅಂಗಡಿ ಕಟ್ಟೆಯ ಮೇಲೆ ಒಂದು ಮಾತು ಓಡಾಡುತ್ತಿದೆ: "ಪೈಲಟ್ ಆಗಬೇಕಂದ್ರ ಹತ್ತಾರು ಲಕ್ಷ ರೊಕ್ಕ ಬೇಕ್ರೀ, ಅದು ಸಾವಕಾರರ ಮಕ್ಕಳ ಕೆಲಸ." ಈ ಮಾತು ಅರ್ಧ ನಿಜ, ಅರ್ಧ ಸುಳ್ಳು. ಆ ಅರ್ಧ ಸುಳ್ಳಿನಿಂದಲೇ ಜಾಣ ಹುಡುಗರು ಅರ್ಜಿಯನ್ನೂ ಹಾಕದೆ ಹಿಂದೆ ಸರಿಯುತ್ತಾರೆ. ಇನ್ನು ಕೆಲವರು ಹೊಲ ಒತ್ತಿ ಇಡಲು ಓಡುತ್ತಾರೆ.

ಎರಡು ಪೈಲಟ್, ಎರಡು ದಾರಿ

ಪ್ರಯಾಣಿಕರ ವಿಮಾನ ಓಡಿಸುವವನಿಗೆ ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ 200 ಗಂಟೆ ಹಾರಾಟ ಆಗಬೇಕು. ಪ್ರತಿ ಗಂಟೆಯ ರೊಕ್ಕ ಮನೆಯವರೇ ಕಟ್ಟಬೇಕು. ಲೈಸೆನ್ಸ್ ಸಿಕ್ಕ ಮೇಲೂ ನೌಕರಿ ಗ್ಯಾರಂಟಿ ಇಲ್ಲ.

ವಾಯುಪಡೆಯ ಲೆಕ್ಕವೇ ಬೇರೆ. ಅಲ್ಲಿ ಹಾರಾಟದ ಖರ್ಚೆಲ್ಲ ಸರಕಾರದ್ದು. ಅಧಿಕಾರಿ ತರಬೇತಿಯ ಕೊನೆಯ ವರ್ಷ ತಿಂಗಳಿಗೆ 56,100 ರೂಪಾಯಿ ಭತ್ಯೆಯನ್ನೂ ಕೊಡುತ್ತಾರೆ. ಪರಸಿ ಗಣಿಯಲ್ಲಿ ಕಲ್ಲು ಒಡೆಯುವ ಶಹಾಬಾದಿನ ಕೂಲಿಕಾರನ ಮಗನಿಗೂ ವಾಡಿಯ ಸಿಮೆಂಟ್ ಕಾರ್ಖಾನೆಯ ಅಧಿಕಾರಿಯ ಮಗನಿಗೂ ಅಲ್ಲಿ ಒಂದೇ ಬಾಗಿಲು. ಜಾತಿ ಮೀಸಲಾತಿ ಇಲ್ಲ, ನಮ್ಮ ಭಾಗದ 371ಜೆ ಪ್ರಮಾಣಪತ್ರವೂ ನಡೆಯುವುದಿಲ್ಲ.

ಹಾಗಾದರೆ ತೊಡಕು ಎಲ್ಲಿ? ರೊಕ್ಕದಲ್ಲಿ ಅಲ್ಲ, ಹೊತ್ತಿನಲ್ಲಿ. ಈ ದಾರಿಯ ಬಾಗಿಲುಗಳು ಬೇಗ ಮುಚ್ಚುತ್ತವೆ, ಸದ್ದಿಲ್ಲದೆ ಮುಚ್ಚುತ್ತವೆ.

ಮೊದಲ ಬಾಗಿಲು: ಜನ್ಮ ದಿನಾಂಕ

ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುವ ರೂಢಿ ಇತ್ತು. ಎನ್‌ಡಿಎ ಪರೀಕ್ಷೆ ನಡೆಸುವ ಯುಪಿಎಸ್‌ಸಿ ಆಯೋಗ ನಂಬುವುದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ತಾರೀಖನ್ನು ಮಾತ್ರ. ತರಬೇತಿ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯ ಒಳಗೆ ಇರಬೇಕು. ಶಾಲೆಯಲ್ಲಿ ಒಂದು ವರ್ಷ ಹೆಚ್ಚು ಬರೆಸಿದ್ದರೆ ಒಂದು ವರ್ಷ ಹೋಯಿತು ಎಂದೇ ಲೆಕ್ಕ. ತಿದ್ದುವುದಿದ್ದರೆ ಎಸ್‌ಎಸ್‌ಎಲ್‌ಸಿಗೆ ಮೊದಲೇ ತಿದ್ದಿಸಿ.

ಎರಡನೆಯದು: ಗಣಿತ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಇದರ ತೀರ್ಮಾನ ಆಗಿಬಿಡುತ್ತದೆ. "ಲೆಕ್ಕ ಕಷ್ಟ, ಆರ್ಟ್ಸ್ ತಗೋ" ಎಂದು ಯಾರೋ ಹೇಳಿದರೆಂದು ಹುಡುಗ ಪಿಯುಸಿ ಕಲಾ ವಿಭಾಗಕ್ಕೆ ಸೇರುತ್ತಾನೆ. ವಾಯುಪಡೆಯಲ್ಲಿ ಹಾರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರಬೇಕು. ಆಮೇಲೆ ಎಂಥ ಪದವಿ ಪಡೆದರೂ, ಇಂಜಿನಿಯರಿಂಗ್ ಮಾಡಿದವರನ್ನು ಬಿಟ್ಟರೆ, ಈ ಕೊರತೆ ತುಂಬುವುದಿಲ್ಲ. ಜೀವಶಾಸ್ತ್ರ ಬೇಕೆಂದರೂ ಜೊತೆಗೆ ಗಣಿತ ಇರಲಿ.

ಎನ್‌ಡಿಎ ಲಿಖಿತ ಪರೀಕ್ಷೆ ಒಟ್ಟು 900 ಅಂಕದ್ದು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಈ 600ರಲ್ಲಿ ಇಂಗ್ಲಿಷಿಗೆ 200. ತಪ್ಪು ಉತ್ತರಕ್ಕೆ ಮೂರನೇ ಒಂದು ಪಾಲು ಅಂಕ ಕಡಿತ, ಹಾಗಾಗಿ ಊಹೆ ಹೊಡೆಯುವವರು ಮುಳುಗುತ್ತಾರೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತವೆ, ಕನ್ನಡದಲ್ಲಿ ಇಲ್ಲ. ಆದರೆ ನಮ್ಮ ಪಿಯು ವಿಜ್ಞಾನದ ಪಠ್ಯ ಎನ್‌ಸಿಇಆರ್‌ಟಿಯದ್ದೇ. ಅದನ್ನೇ ಅರೆದು ಕುಡಿದರೆ ಅರ್ಧ ತಯಾರಿ ಆದಂತೆ. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು.

ಪೈಪೋಟಿ ಮಾತ್ರ ಜೋರು. ಇತ್ತೀಚಿನ ಪ್ರಕಟಣೆಗಳಲ್ಲಿ ಹಾರಾಟ ಶಾಖೆಗೆ ಒಂದು ಸಲಕ್ಕೆ ಇಡೀ ದೇಶಕ್ಕೆ ಇದ್ದದ್ದು 92 ಸ್ಥಾನ.

ಮೂರನೆಯದು: ಕಣ್ಣು

ಮೂರು ವರ್ಷ ಓದಿ, ಲಿಖಿತ ಪರೀಕ್ಷೆ ಗೆದ್ದು, ಕಡೆಗೆ ವೈದ್ಯಕೀಯದಲ್ಲಿ ಬಿದ್ದವರ ಸಂಕಟ ಕೇಳುವಂಥದ್ದಲ್ಲ. ದೂರದ್ದು ಮಂಜಾಗಿ ಕಾಣುವ ಕಣ್ಣು ಹಾರಾಟಕ್ಕೆ ನಡೆಯುವುದಿಲ್ಲ. ಬಣ್ಣಗಳ ಗುರುತೂ ಪಕ್ಕಾ ಇರಬೇಕು. "ಲೇಸರ್ ಮಾಡಿಸಿ ಕನ್ನಡಕ ತೆಗೆಸಿದರೆ ಆಯ್ತು" ಎನ್ನುವವರು ಗಮನಿಸಿ: ಎನ್‌ಡಿಎಗೆ ಅದು ನಡೆಯದು, ಪದವಿ ನಂತರದ ದಾರಿಯಲ್ಲಿ ಮಾತ್ರ ಕಟ್ಟುನಿಟ್ಟಿನ ಷರತ್ತಿನ ಮೇಲೆ ಒಪ್ಪುತ್ತಾರೆ.

ಎತ್ತರ 162.5 ಸೆಂಟಿಮೀಟರ್ ಬೇಕು. ಕಾಲಿನ ಉದ್ದ, ಕುಳಿತಾಗಿನ ಎತ್ತರವನ್ನೂ ಅಳೆಯುತ್ತಾರೆ, ಯಾಕೆಂದರೆ ವಿಮಾನದ ಕುರ್ಚಿಯನ್ನು ಆಳಿಗೆ ತಕ್ಕಂತೆ ಹೊಲಿಸಲು ಬರುವುದಿಲ್ಲ. ಜಾತ್ರೆಯಲ್ಲಿ ಎದೆ, ಕುತ್ತಿಗೆ ಮೇಲೆ ಹಚ್ಚೆ ಹಾಕಿಸಿಕೊಳ್ಳುವ ಹುಡುಗರೂ ಎಚ್ಚರ! ಮುಂಗೈ ಒಳಭಾಗ, ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆಯ ಹಚ್ಚೆ ತೊಡಕಾಗುತ್ತದೆ.

ಪಿಯುಸಿ ಸೇರುವ ಮೊದಲೇ ತಾಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಅರ್ಧ ದಿನದ ಕೆಲಸ, ನಾಲ್ಕು ವರ್ಷದ ನಿರಾಸೆ ತಪ್ಪುತ್ತದೆ.

ನಾಲ್ಕನೆಯದು: ಒಂದೇ ಒಂದು ಅವಕಾಶ

ಲಿಖಿತ ಪಾಸಾದವರಿಗೆ ಆಯ್ಕೆ ಮಂಡಳಿಯ ಸಂದರ್ಶನ. ವಾಯುಪಡೆಯ ಇಂಥ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಮೊದಲ ದಿನವೇ ಜರಡಿ ಹಿಡಿದು ಕೆಲವರನ್ನು ಮನೆಗೆ ಕಳಿಸುತ್ತಾರೆ. ಉಳಿದವರಿಗೆ ಮನೋಪರೀಕ್ಷೆ, ಮೈದಾನದಲ್ಲಿ ಗುಂಪಿನ ಕೆಲಸ, ಮುಖಾಮುಖಿ ಮಾತು. ಅಲ್ಲಿ ನೋಡುವುದು ಇಂಗ್ಲಿಷಿನ ಶೋಕಿಯನ್ನಲ್ಲ. ನಾಲ್ಕು ಜನರ ಜೊತೆ ಕೂಡಿ ಕೆಲಸ ಮಾಡುತ್ತಾನೋ, ತಾನೊಬ್ಬನೇ ಮೆರೆಯುತ್ತಾನೋ ಎಂಬುದನ್ನು. ಮೊದಲ ಸಲ ಹೋದವರಿಗೆ ಪ್ರಯಾಣದ ಖರ್ಚು ಕೊಡುತ್ತಾರೆ, ಟಿಕೆಟ್ ಜೋಪಾನ ಮಾಡಿ.

ಕೊನೆಗೆ ಪೈಲಟ್ ಯೋಗ್ಯತೆಯ ಕಂಪ್ಯೂಟರ್ ಪರೀಕ್ಷೆ. ಕೈಯಲ್ಲಿ ಕೋಲು, ಕಾಲಲ್ಲಿ ಪೆಡಲ್, ಕಣ್ಣು ಪರದೆಯ ಮೇಲೆ. ಇದು ಜೀವಮಾನದಲ್ಲಿ ಒಂದೇ ಸಲ. ಇದರಲ್ಲಿ ಬಿದ್ದವನಿಗೆ ವಾಯುಪಡೆಯ ಹಾರಾಟ ಶಾಖೆ ಶಾಶ್ವತವಾಗಿ ಬಂದ್. ನಿದ್ದೆಗೆಟ್ಟು, ಜ್ವರ ಇಟ್ಟುಕೊಂಡು, "ಸುಮ್ನೆ ನೋಡಿ ಬರೋಣ" ಎಂದು ಹೋಗಬಾರದು ಅನ್ನುವುದು ಇದಕ್ಕೇ. ಹಾರಾಟದವರ ವೈದ್ಯಕೀಯ ತಪಾಸಣೆ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಇಲ್ಲವೇ ದೆಹಲಿಯಲ್ಲಿ ಆಗುತ್ತದೆ.

ಪದವಿ ಮುಗಿದವರಿಗೆ

ಎನ್‌ಡಿಎ ತಪ್ಪಿದರೆ ಎಲ್ಲ ಮುಗಿಯಲಿಲ್ಲ. 20ರಿಂದ 24 ವಯಸ್ಸಿನ ಪದವೀಧರರಿಗೆ ಎಎಫ್‌ಕ್ಯಾಟ್ ಪರೀಕ್ಷೆ ಇದೆ. ಪದವಿಯಲ್ಲಿ ಶೇಕಡಾ 60 ಅಂಕ ಬೇಕು, ಪಿಯುಸಿಯ ಗಣಿತ–ಭೌತಶಾಸ್ತ್ರದಲ್ಲಿ ತಲಾ 50. ಕಾಲೇಜಿನಲ್ಲಿ ಎನ್‌ಸಿಸಿ ವಾಯು ವಿಭಾಗದ 'ಸಿ' ಪ್ರಮಾಣಪತ್ರ ಗಳಿಸಿದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸಂದರ್ಶನದ ದಾರಿಯೂ ಉಂಟು.

ಹುಡುಗಿಯರಿಗೂ ಬಾಗಿಲು ತೆರೆದಿದೆ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ್ 2017ರ ಡಿಸೆಂಬರಿನಲ್ಲಿ ಯುದ್ಧವಿಮಾನದ ಪೈಲಟ್ ಆಗಿ ದುಂಡಿಗಲ್ ಅಕಾಡೆಮಿಯಿಂದ ಹೊರಬಂದರು. ಎನ್‌ಡಿಎಯಿಂದ ಮೊದಲ 17 ಹುಡುಗಿಯರ ತಂಡ 2025ರ ಮೇ ತಿಂಗಳಲ್ಲಿ ಉತ್ತೀರ್ಣವಾಯಿತು. ದುಂಡಿಗಲ್ ನಮಗೆ ದೂರವೇನಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಹೋಗುವ ರೈಲು ಹತ್ತಿದರೆ ಹೈದರಾಬಾದ್, ಅದರ ಹೊರವಲಯದಲ್ಲೇ ಅಕಾಡೆಮಿ.

ಎರಡು ದಾರಿಗೂ ಫರಕಿದೆ. ಎನ್‌ಡಿಎಯಿಂದ ಹೋದವರದು ಕಾಯಂ ನೌಕರಿ. ಎಎಫ್‌ಕ್ಯಾಟ್ ಮೂಲಕ ಪೈಲಟ್ ಆದವರದು 14 ವರ್ಷ, ಪಿಂಚಣಿ ಇಲ್ಲ. ಆದರೆ ಹೊರಬರುವಾಗ ಇನ್ನೂ ನಲವತ್ತು ದಾಟಿರುವುದಿಲ್ಲ. ಕೈಯಲ್ಲಿ ಹಾರಾಟದ ಅನುಭವ ಇರುತ್ತದೆ, ಬೇಕಾದ ಪರೀಕ್ಷೆ ಬರೆದು ಪ್ರಯಾಣಿಕರ ವಿಮಾನದ ಕಡೆಗೆ ಹೊರಳಬಹುದು.

ಇನ್ನೊಂದು ಗೊಂದಲವೂ ಊರಲ್ಲಿದೆ. 2022ರಲ್ಲಿ ಬಂದ ಅಗ್ನಿವೀರ ವಾಯು ನಾಲ್ಕು ವರ್ಷದ ಸಿಪಾಯಿ ದರ್ಜೆಯ ಕೆಲಸ. ಅದಕ್ಕೆ ಸೇರಿದ ಮಾತ್ರಕ್ಕೆ ಪೈಲಟ್ ಆಗುವುದಿಲ್ಲ.

ಸಣ್ಣ ಮಕ್ಕಳಿದ್ದರೆ

ಐದನೇ ತರಗತಿ ಓದುವ ಮಗು ಮನೆಯಲ್ಲಿದ್ದರೆ ಸೈನಿಕ ಶಾಲೆಯ ವಿಚಾರ ಮಾಡಿ. 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ ನಮಗೆ ಹತ್ತಿರ. ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಓದಿದ್ದು ಅಲ್ಲೇ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ವಯಸ್ಸು 10ರಿಂದ 12. ಹೆಣ್ಣುಮಕ್ಕಳಿಗೂ ಪ್ರವೇಶ ಉಂಟು.

ಕಣ್ಣು ಕೈಕೊಟ್ಟರೆ?

ಗಣಿತ–ಭೌತಶಾಸ್ತ್ರ ಓದಿದ್ದು ದಂಡ ಆಗುವುದಿಲ್ಲ. ವಾಯುಪಡೆಯ ತಾಂತ್ರಿಕ ಶಾಖೆ ಇದೆ, ಬೆಂಗಳೂರಿನ ಎಚ್‌ಎಎಲ್ ಇದೆ, ವಿಮಾನ ದುರಸ್ತಿಯ ಲೈಸೆನ್ಸ್ ಕೋರ್ಸ್ ಇದೆ. ವಿಮಾನ ನಿಲ್ದಾಣದ ಗೋಪುರದಲ್ಲಿ ಕುಳಿತು ದಾರಿ ತೋರಿಸುವ ಸಂಚಾರ ನಿಯಂತ್ರಕರ ಹುದ್ದೆಗೆ ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿಯವರೂ ಅರ್ಹರು.

ಅರ್ಜಿ ಯಾವಾಗ?

ಎನ್‌ಡಿಎ ಅರ್ಜಿ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಡಿಸೆಂಬರ್ ಮತ್ತು ಮೇ ಹೊತ್ತಿಗೆ ಕರೆಯುತ್ತಾರೆ. ಎಎಫ್‌ಕ್ಯಾಟ್ ಕೂಡ ಎರಡು ಸಲ. ಅರ್ಜಿ ಆನ್‌ಲೈನ್ ಮಾತ್ರ. ಎನ್‌ಡಿಎ ಶುಲ್ಕ 100 ರೂಪಾಯಿ, ಹುಡುಗಿಯರಿಗೆ, ಪರಿಶಿಷ್ಟರಿಗೆ ಅದೂ ಇಲ್ಲ. ಇದರಾಚೆ ಯಾರಾದರೂ "ಒಳಗೆ ನಮ್ಮ ಮಂದಿ ಅದಾರ, ಎರಡು ಲಕ್ಷ ಕೊಡ್ರಿ" ಅಂದರೆ ಅವನು ಮೋಸಗಾರ. ಅಂಥವನಿಗೆ ಕೊಡಲು ಹೊಲಕ್ಕೆ ಕೈ ಹಾಕಬೇಡಿ. ಆ ರೊಕ್ಕದಲ್ಲಿ ಹುಡುಗನಿಗೆ ಒಳ್ಳೆಯ ಲೆಕ್ಕದ ಮಾಸ್ತರರನ್ನು ಹುಡುಕಿ. ಬೆಳಗ್ಗೆ ಎಬ್ಬಿಸಿ ಓಡಿಸಿ: ತರಬೇತಿಗೆ ಸೇರುವವರು 1.6 ಕಿಲೋಮೀಟರನ್ನು ಹತ್ತು ನಿಮಿಷದೊಳಗೆ ಮುಗಿಸಬೇಕು.