ಲಾಳದಾಕಾರದ ಕಂದುಗೆರೆ

ಬೆಂಗಳೂರಿನ ಒಂದು ರೋಗಶಾಸ್ತ್ರ ಪ್ರಯೋಗಾಲಯದಲ್ಲಿ ಕಳೆದ ವಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಾಗ, ಸುಮಾರು 4 ಮೈಕ್ರಾನಿನಷ್ಟು ತೆಳುವಾಗಿ ಕೊಯ್ದ ಜಠರಾರ್ಬುದದ ಅಂಗಾಂಶವೊಂದು ತಿಳಿನೀಲಿಯ ನಡುವೆ ಕಂದುಗೆರೆಗಳನ್ನು ಹೊತ್ತು ಗಾಜಿನ ಮೇಲೆ ಬೆಳಗುತ್ತಿದ್ದ ನೋಟವು ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ. “ಗ್ರಂಥಿಯ ಒಳಬಾಯಿಯ ಕಡೆ ನೋಡಿ ಸರ್, ಅಲ್ಲಿ ಬಣ್ಣ ಹಿಡಿದಿಲ್ಲ” ಎಂದರು ವೈದ್ಯೆ. ಅಹುದು, ಪ್ರತಿಯೊಂದು ಕೋಶದ ಎರಡು ಪಕ್ಕಗಳೂ ತಳವೂ ಮಾತ್ರ ಕಂದಾಗಿ, ಮೇಲ್ಮುಖ ಬರಿದಾಗಿತ್ತು. ಲಾಳಗಳನ್ನು ಸಾಲಾಗಿ ಜೋಡಿಸಿಟ್ಟಂತೆ ಕಂಡಿತು.

ಆ ಕಂದು ಹರ್-2 ಎಂಬ ಪ್ರೋಟೀನಿನ ಗುರುತು. ಕೋಶಪೊರೆಯಲ್ಲಿದ್ದುಕೊಂಡು ಬೆಳವಣಿಗೆಯ ಸಂಜ್ಞೆಯನ್ನು ಒಳಗೊಯ್ಯುವುದು ಅದರ ಕೆಲಸ. ಸ್ತನದ ಅರ್ಬುದದಲ್ಲಿ ಅದು ಕೋಶದ ಸುತ್ತ ಪೂರ್ಣವಾದ ಬಳೆಯಂತೆ ದಟ್ಟವಾಗಿ ಕಂಡರೆ 3+ ಎಂಬ ಅತಿ ಹೆಚ್ಚಿನ ಅಂಕ ಬರೆಯುತ್ತಾರೆ. ಜಠರದ ಗ್ರಂಥಿಕೋಶಕ್ಕಾದರೋ ಮೇಲು ಕೆಳಗೆಂಬ ಭೇದವುಂಟು, ಪ್ರೋಟೀನು ಪಕ್ಕ ಮತ್ತು ತಳಗಳಲ್ಲೇ ನೆಲೆಸುತ್ತದೆ; ಆದುದರಿಂದ ಬಳೆಯನ್ನೇ ಹುಡುಕುವ ಕಣ್ಣು ಇಲ್ಲಿ ರೋಗಿಗೆ ಅನ್ಯಾಯವನ್ನೇ ಮಾಡೀತು. 2008ರಲ್ಲಿ ಜಠರಕ್ಕೆಂದೇ ಬೇರೆ ಮಾನದಂಡ ಪ್ರಕಟವಾಯಿತು: ಲಾಳವೂ ಸಾಕು, ಬಯಾಪ್ಸಿಯ ಚೂರಿನಲ್ಲಾದರೆ ಒಟ್ಟಾಗಿ ಬಣ್ಣ ಹಿಡಿದ ಐದೇ ಕೋಶಗಳಿದ್ದರೂ ಸಾಕು. ಐದು ಕೋಶಗಳ ಸಾಕ್ಷ್ಯದ ಮೇಲೆ ಒಬ್ಬ ಮನುಷ್ಯನ ಔಷಧ ನಿಶ್ಚಯವಾಗುವುದೆಂಬುದು ನನ್ನನ್ನು ಬಹಳ ಹೊತ್ತು ಅಲ್ಲಿಯೇ ಕಟ್ಟಿಹಾಕಿತು.

ಹಿನ್ನೆಲೆ ಸಂಕ್ಷೇಪವಾಗಿ ಇಷ್ಟು. 1965ರಲ್ಲಿ ರೋಗಶಾಸ್ತ್ರಜ್ಞ ಲಾರೆನ್ ಜಠರಾರ್ಬುದವನ್ನು ಕರುಳಿನ ಮಾದರಿ, ಹರಡುವ ಮಾದರಿ ಎಂದು ವಿಂಗಡಿಸಿದನು. 1998ರಲ್ಲಿ, ಈ ಹರಡುವ ಮಾದರಿ ವಂಶಪಾರಂಪರ್ಯವಾಗಿ ಬಂದಿದ್ದ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ, ಕೋಶಗಳನ್ನು ಪರಸ್ಪರ ಅಂಟಿಸಿಡುವ ಇ-ಕ್ಯಾಡ್ಹೆರಿನ್ನಿನ ವಂಶವಾಹಿ ಕೆಟ್ಟಿರುವುದು ಕಂಡುಬಂದಿತು. 2010ರ ಟೋಗಾ ಪ್ರಯೋಗದಲ್ಲಿ ಹರ್-2 ಇದ್ದವರಿಗೆ ಕೀಮೋಥೆರಪಿಯೊಡನೆ ಆ ಪ್ರೋಟೀನನ್ನೇ ಗುರಿಯಾಗಿಸುವ ಟ್ರಾಸ್ಟುಜುಮಾಬ್ ಎಂಬ ಔಷಧ ಕೊಟ್ಟಾಗ ಆಯುಸ್ಸಿನ ಮಧ್ಯಾಂಕ 11.1 ತಿಂಗಳಿಂದ 13.8 ತಿಂಗಳಿಗೇರಿತು, ಪ್ರೋಟೀನು ಹೆಚ್ಚಾಗಿದ್ದವರಲ್ಲಿ 11.8ರಿಂದ 16ಕ್ಕೆ.

ಆದರೂ ಇಂಥ ಗುರುತುಗಳನ್ನು ಆಯುಸ್ಸಿನ ಮುನ್ಸೂಚಕಗಳೆಂದು ಕರೆಯುವಾಗ ನನಗೆ ಅಳುಕು. ಹರ್-2 ಇದ್ದ ಮಾತ್ರಕ್ಕೆ ಬಾಳು ಕಿರಿದಾಗುವುದೋ ಎಂಬಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಗಡ್ಡೆ ಎಷ್ಟು ಆಳಕ್ಕಿಳಿದಿದೆ, ಎಷ್ಟು ದುಗ್ಧಗ್ರಂಥಿಗಳನ್ನು ಮುಟ್ಟಿದೆ ಎಂಬ ಹಳೆಯ ಪ್ರಶ್ನೆಗಳೇ ಈಗಲೂ ಹೆಚ್ಚು ಹೇಳುತ್ತವೆ. ಯಾವ ಔಷಧ ಫಲಿಸೀತು ಎಂಬುದಕ್ಕೆ ಈ ಕಂದುಗೆರೆ ಕೈಮರವಾಗಿದೆ, ಅದಕ್ಕಾಗಿಯೇ ನನಗದು ಅಮೂಲ್ಯ.

ಏಳುವ ಮುನ್ನ ವೈದ್ಯೆ ಗಾಜನ್ನು ಕೂದಲೆಳೆಯಷ್ಟು ಸರಿಸಿದರು. ಅದೇ ಗಡ್ಡೆ, ಅದೇ ಬಗೆಯ ಗ್ರಂಥಿಗಳು; ಕಂದು ಮಾತ್ರ ಎಲ್ಲಿಯೂ ಇಲ್ಲ. “ಅದಕ್ಕೇ ಎಂಡೋಸ್ಕೋಪಿ ಮಾಡುವವರಿಗೆ ಒಂದೆರಡು ಚೂರು ಸಾಲದು, ಆರೆಂಟು ಕಳಿಸಿ ಅಂತ ಕೇಳ್ತಾ ಇರ್ತೀವಿ” ಎನ್ನುತ್ತ ಮುಂದಿನ ಸ್ಲೈಡನ್ನು ಎತ್ತಿಕೊಂಡರು.