ಪಾಕದ ಹದ ಬಲ್ಲವರಿಗೆ ನ್ಯಾನೋ ವಿಜ್ಞಾನ

ಸಕ್ಕರೆ ಮತ್ತು ನೀರು, ಸಾಮಗ್ರಿ ಎರಡೇ. ಒಂದೆಳೆ ಪಾಕಕ್ಕೆ ಇಳಿಸಿದರೆ ಒಂದು ತಿಂಡಿ, ಇನ್ನಷ್ಟು ಕಾಯಿಸಿದರೆ ಮತ್ತೊಂದು. ಹದ ತಪ್ಪಿದರೆ ಬರ್ಫಿ ಕಲ್ಲಾಗುತ್ತದೆ ಎಂಬುದು ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತು. ವಿಜ್ಞಾನಿಗಳ ಪ್ರಯೋಗಶಾಲೆಯಲ್ಲೂ ಇಂಥದೇ ಒಂದು ಪಾಕ ನಡೆಯುತ್ತದೆ. ಅಲ್ಲಿನ ಸಾಮಗ್ರಿ ಸತುವಿನ ಆಕ್ಸೈಡ್. ಬೆವರುಸಾಲೆಗೆ ಹಚ್ಚುವ ಕ್ಯಾಲಮೈನ್ ಲೋಷನ್‌ನಲ್ಲೂ, ಕ್ರಿಕೆಟ್ ಆಟಗಾರರು ಮೂಗಿಗೆ ಬಳಿದುಕೊಳ್ಳುವ ಬಿಳಿ ಲೇಪದಲ್ಲೂ ಇರುವುದು ಇದೇ ಬಿಳಿ ಪುಡಿ.

ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಆ ಅಳತೆಯ ತಂತಿ, ಕಡ್ಡಿ, ಪಟ್ಟಿಗಳನ್ನು ಈ ಪುಡಿಯಿಂದ ಬೆಳೆಸಬಹುದು. ಯಾವ ಆಕಾರ ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಉಷ್ಣತೆ.

2001ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಝಾಂಗ್ ಲಿನ್ ವಾಂಗ್ ಮತ್ತು ಸಂಗಡಿಗರು ಈ ಪುಡಿಯನ್ನು ಕೊಳವೆ ಕುಲುಮೆಯಲ್ಲಿ 1400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಆವಿಯು ಕಾವು ಕಡಿಮೆಯಿದ್ದ ಕಡೆಗೆ ಸಾಗಿ, ತೆಳು ಪಟ್ಟಿಗಳಾಗಿ ಹರಳುಗಟ್ಟಿತು. ಅದೇ ವರ್ಷ ಬರ್ಕ್ಲಿಯ ಪೈಡಾಂಗ್ ಯಾಂಗ್ ಅವರ ತಂಡ ಪುಡಿಗೆ ಗ್ರಾಫೈಟ್ ಬೆರೆಸಿ, ಸುಮಾರು 900 ಡಿಗ್ರಿಯಲ್ಲೇ ತಂತಿಗಳನ್ನು ಬೆಳೆಸಿತು. ಗ್ರಾಫೈಟ್‌ನ ಇಂಗಾಲವು ಆಮ್ಲಜನಕವನ್ನು ಸೆಳೆದುಕೊಳ್ಳುವುದರಿಂದ ಸತು ಬೇಗ ಆವಿಯಾಗುತ್ತದೆ. ಒಂದೇ ಕೊಳವೆಯಲ್ಲಿ ಬಿಸಿ ಹೆಚ್ಚಿರುವಲ್ಲಿ ಒಂದು ಆಕಾರ, ಕಡಿಮೆಯಿರುವಲ್ಲಿ ಇನ್ನೊಂದು ಆಕಾರ ಬೆಳೆಯುವುದೂ ಉಂಟು.

ಆದರೆ ಈ ಕಾವಿಗೆ ಪ್ಲಾಸ್ಟಿಕ್ ಆಗಲಿ ಬಟ್ಟೆಯಾಗಲಿ ಉಳಿಯದು. ಈ ತೊಡಕಿಗೆ 2003ರಲ್ಲಿ ಲಿಯೋನೆಲ್ ವೇಸಿಯೇರ್ ದಾರಿ ತೋರಿದರು. ಸತುವಿನ ನೈಟ್ರೇಟ್ ಮತ್ತು ಹೆಕ್ಸಮೀನ್ ಕರಗಿಸಿದ ನೀರನ್ನು 95 ಡಿಗ್ರಿಯಲ್ಲಿ, ಅಂದರೆ ನೀರು ಕುದಿಯುವುದಕ್ಕಿಂತಲೂ ಕಡಿಮೆ ಕಾವಿನಲ್ಲಿ, ಸಾಮಾನ್ಯ ಓವನ್‌ನಲ್ಲಿಟ್ಟರು. ಹೆಕ್ಸಮೀನ್ ನಿಧಾನವಾಗಿ ಒಡೆದು ಅಮೋನಿಯಾ ಬಿಡುತ್ತದೆ. ಆಗ ಗಾಜಿನ ಫಲಕದ ಮೇಲೆ ಆರು ಮೂಲೆಯ ಕಡ್ಡಿಗಳು ಪೈರಿನಂತೆ ಏಳುತ್ತವೆ. ಕಾವು ಸಾಲದಿದ್ದರೆ ಕಡ್ಡಿ ಬೆಳೆಯದು. ಅವಸರದಿಂದ ಏರಿಸಿದರೆ ಸತು ನೀರಿನಲ್ಲೇ ಹರಳುಗಟ್ಟಿ ತಳ ಸೇರುತ್ತದೆ. ಫಲಕದ ಮೇಲಿನ ಕಡ್ಡಿಗಳಿಗೆ ಉಣ್ಣಲು ಏನೂ ಉಳಿಯದು.

ಇಂತಹ ತಂತಿಯನ್ನು ಬಾಗಿಸಿದರೆ ಕಿಂಚಿತ್ ವಿದ್ಯುತ್ ಹುಟ್ಟುತ್ತದೆಂದು ವಾಂಗ್ 2006ರಲ್ಲಿ ತೋರಿಸಿದರು. 2008ರಲ್ಲಿ ಅವರ ತಂಡ ಕೆವ್ಲಾರ್ ನಾರಿನ ಸುತ್ತಲೂ ತಂತಿಗಳನ್ನು ಬೆಳೆಸಿ, ನಾರುಗಳನ್ನು ಒಂದಕ್ಕೊಂದು ಉಜ್ಜಿ ವಿದ್ಯುತ್ ಪಡೆಯಿತು. ಕುಲುಮೆಯ ಕಾವಿನಲ್ಲಿ ಆ ನಾರೇ ಸುಟ್ಟುಹೋಗುತ್ತಿತ್ತು.

ದುಬಾರಿ ಕುಲುಮೆಯಿಲ್ಲದ ಸಾಮಾನ್ಯ ಕಾಲೇಜಿನ ಪ್ರಯೋಗಶಾಲೆಗೂ ಇಂದು ಈ ವಿದ್ಯೆ ಎಟಕುವಂತಾಗಿದೆ. ಅಲ್ಲಿ ಬೇಕಾದುದು ಒಂದು ಓವನ್, ಒಂದು ಥರ್ಮಾಮೀಟರ್ ಮತ್ತು ಹದಕ್ಕೆ ಕಾಯುವ ತಾಳ್ಮೆ.