ಅಳಿವೆಯಲ್ಲಿ ಒಂದು ಇಳಿತದ ಹೊತ್ತು

ದೋಣಿ ಎಷ್ಟು ಗಂಟೆಗೆ ಹೊರಡುವುದೆಂದು ನಾವು ಕೇಳಿದಾಗ ಅಂಬಿಗನು ದಕ್ಕೆಯ ಕಂಬದ ಮೇಲಿನ ಒದ್ದೆ ಗೆರೆಯನ್ನು ನೋಡಿ, "ನೀರು ಇನ್ನೂ ಒಂದು ಮೊಳ ಇಳಿಯಲಿ" ಎಂದನು. ಗಂಟೆಯ ಪ್ರಶ್ನೆಗೆ ಮೊಳದ ಉತ್ತರ ಬಂದುದು ನಮಗೆ ಮೊದಲು ವಿನೋದವಾಗಿ ತೋರಿತು. ಆದರೆ ನಗರದ ಗಡಿಯಾರಕ್ಕೆ ಅಲ್ಲಿ ಬೆಲೆಯಿಲ್ಲ. ಉಬ್ಬರವಿಳಿತಗಳು ಚಂದ್ರನನ್ನು ಅನುಸರಿಸುವುವು. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುವುದಾದರೂ, ಇಂದಿನ ಹೊತ್ತಿಗಿಂತ ನಾಳೆಯದು ಸುಮಾರು 50 ನಿಮಿಷ ತಡ. ಈ ಲೆಕ್ಕವನ್ನು ಅರಿಯದೆ ಹೊರಟವನಿಗೆ ಬಳಚು ಸಿಕ್ಕದು, ಹಕ್ಕಿಯೂ ಕಾಣದು.

ನಾವು ಹೋದುದು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ತದಡಿಯ ಬಳಿ ಅಘನಾಶಿನಿ ನದಿಯು ಕಡಲನ್ನು ಕೂಡುವ ಅಳಿವೆಗೆ. ಜೊತೆಯಲ್ಲಿ ನಮ್ಮ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳಿದ್ದರು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರು ಹರಿದು ಬರುವ ಈ ನದಿಗೆ ದಾರಿಯಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಈ ಸಂಗತಿಯನ್ನು ಕೇಳುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ದೋಣಿಯು ಮೊದಲು ಕಾಂಡ್ಲಾ ಗಿಡಗಳ ಅಂಚಿನಲ್ಲಿ ಸಾಗಿತು. ಊರುಗೋಲುಗಳಂತೆ ಬಾಗಿ ಕೆಸರಿಗಿಳಿದ ಬೇರುಗಳ ಮೇಲೆ ಇವು ನಿಂತಿರುವುವು. ಇವುಗಳ ಬೀಜವು ತಾಯಿಗಿಡದಲ್ಲಿಯೇ ಮೊಳೆತು, ಹಸುರು ಕೋಲಿನಂತೆ ನೇತಾಡಿ, ಬಳಿಕ ಬೀಳುವುದು. ಪಕ್ಕದ ಉಪ್ಪಟ್ಟಿಯ ಎಲೆಯೊಂದನ್ನು ಅಂಬಿಗನು ಕಿತ್ತುಕೊಟ್ಟು ನೆಕ್ಕಿ ನೋಡಿರೆಂದನು. ಉಪ್ಪು! ಬೇರಿನಿಂದ ಬಂದ ಉಪ್ಪನ್ನು ಆ ಗಿಡವು ಎಲೆಯ ಮೂಲಕ ಹೊರಹಾಕುವುದೆಂದು ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳಿದ್ದುಂಟು; ನಾಲಗೆಗೆ ತಿಳಿದುದು ಆ ದಿನವೇ.

ಕೆಸರು ಮೇಲೆದ್ದಂತೆಲ್ಲ ಅದರ ಪ್ರಜೆಗಳೂ ಎದ್ದರು. ಒಂದೇ ದೊಡ್ಡ ಕೊಂಡಿಯ ಗಂಡು ಏಡಿಗಳು ಅದನ್ನು ಎತ್ತಿ ಬೀಸಿ ಹೆಣ್ಣುಗಳನ್ನು ಕರೆಯುತ್ತಿದ್ದುವು. ಚಳಿಗಾಲಕ್ಕೆಂದು ಉತ್ತರದ ದೂರದೇಶಗಳಿಂದ ಬಂದ ಉಲ್ಲಂಕಿಗಳು ಕೊಕ್ಕನ್ನು ಕೆಸರಿಗೆ ಚುಚ್ಚುತ್ತ ನಡೆದುವು. ಮೇಲೆ ಗರುಡನು ಸುತ್ತುತ್ತಿದ್ದನು. ಅಷ್ಟರಲ್ಲಿ ಮೊಳಕಾಲು ನೀರಿನಲ್ಲಿ ಬಾಗಿ ಬಳಚು ಆಯುತ್ತಿದ್ದ ಹೆಂಗಸರ ಸಾಲೊಂದು ಕಂಡಿತು. ಹಕ್ಕಿಯ ಕೊಕ್ಕು ಮಾಡುವುದನ್ನೇ ಇವರ ಕಾಲ್ಬೆರಳು ಮಾಡುವುದೆಂದು ತಿಳಿಯಲು ನಮಗೆ ತುಸು ಹೊತ್ತು ಹಿಡಿಯಿತು.

ಬಳಚು ಎಂದರೆ ಮಂಗಳೂರಿನ ಕಡೆಯವರ ಮರುವಾಯಿ. ಎರಡು ಚಿಪ್ಪಿನ ನಡುವೆ ವಾಸಿಸುವ ಮೃದುಜೀವಿ. ಅದು ಮರಳಿನಲ್ಲಿ ಹುದುಗಿ, ಒಂದು ನಾಳದಿಂದ ನೀರನ್ನು ಒಳಗೆಳೆದು, ಆಹಾರದ ಕಣಗಳನ್ನು ಸೋಸಿಕೊಂಡು, ಇನ್ನೊಂದರಿಂದ ಹೊರಬಿಡುವುದು. ಮರಳಿನ ಮೇಲಿನ ಪುಟ್ಟ ತೂತುಗಳೇ ಅದರ ವಿಳಾಸ. ಅಂಬಿಗನು ತೋರಿಸಿದಲ್ಲಿ ನಾವೂ ಅಗೆದೆವು. ಅರ್ಧ ತಾಸಿನಲ್ಲಿ ಬುಟ್ಟಿಯ ತಳ ಮುಚ್ಚಿತೆಂಬ ಹೆಮ್ಮೆಯಿಂದ ಅದನ್ನು ಅವನ ಮುಂದಿಟ್ಟೆವು. ಅವನು ಏನೂ ಹೇಳದೆ ಅದರಲ್ಲಿ ಮುಕ್ಕಾಲು ಪಾಲನ್ನು ನೀರಿಗೆ ಸುರಿದನು. ಎಲ್ಲವೂ ಮರಿಗಳು! ಉಳಿದವನ್ನು ಒಂದೊಂದಾಗಿ ತಟ್ಟಿದನು. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದುದು ಸತ್ತದ್ದು, ತಿನ್ನತಕ್ಕದ್ದಲ್ಲ. ಪದವೀಧರರ ಪಾಲಿಗೆ ಕೊನೆಗೆ ದಕ್ಕಿದುದು ಹನ್ನೊಂದು.

ಆದರೆ ಈ ಆಯುವಿಕೆಯು ನಮ್ಮಂಥವರ ವಿನೋದದ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದಂತೆ, ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ನು ಚಿಪ್ಪುಜೀವಿಗಳು ದೊರೆಯುತ್ತಿದ್ದುವು. ಎರಡು ಸಾವಿರಕ್ಕೂ ಹೆಚ್ಚು ಜನ ಇದರಿಂದ ಜೀವಿಸುತ್ತಿದ್ದರು. ಬಿತ್ತದೆ ಬೆಳೆಯುವ ಈ ಬೆಳೆಗೆ ಬೇಕಾದುದು ಒಂದೇ, ಸಿಹಿನೀರು ಉಪ್ಪುನೀರುಗಳ ಸರದಿ. ಮಳೆಗಾಲದಲ್ಲಿ ನದಿ ಕಡಲನ್ನು ಹಿಂದೆ ತಳ್ಳಬೇಕು; ಬೇಸಗೆಯಲ್ಲಿ ಕಡಲು ಒಳಗೆ ಬರಬೇಕು. ಅಣೆಕಟ್ಟಿಲ್ಲದುದರಿಂದ ಅಘನಾಶಿನಿಯಲ್ಲಿ ಈ ಸರದಿ ಇನ್ನೂ ನಡೆದಿದೆ. ಅಲ್ಲಿಂದ ತುಸು ದಕ್ಷಿಣಕ್ಕೆ, ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯ ಸ್ಥಿತಿ ಬೇರೆ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯಾದ ಮೇಲೆ ವಿದ್ಯುದಾಗಾರಗಳ ಸಿಹಿನೀರು ಬೇಸಗೆಯಲ್ಲಿಯೂ ಹರಿದು ಬಂದು ಅಳಿವೆಯ ಉಪ್ಪು ತಗ್ಗಿತು; ಉಪ್ಪನ್ನು ಬಯಸುವ ಬಳಚುಗಳು ಅಲ್ಲಿ ವಿರಳವಾದುವು. ನಮ್ಮ ಮನೆಗಳಲ್ಲಿ ದೀಪ ಉರಿಯುವುದೂ ಆ ನೀರಿನಿಂದಲೇ. ಆದುದರಿಂದ ದೂರುವ ಅಧಿಕಾರ ನಮಗೆ ಸ್ವಲ್ಪ ಕಡಿಮೆ. ಆದರೂ ಅದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ನಾವು ಅರಿತಿರಬೇಡವೇ?

2024ರಲ್ಲಿ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಪ್ರದೇಶವು ರಾಮ್ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಸೇರಿತು. ಗೌರವವು ದೊಡ್ಡದೇ. ಆದರೆ ಅಳಿವೆಯಲ್ಲಿ ಏನಿರುವುದೆಂಬುದನ್ನು ಘಟ್ಟದ ಮೇಲೆ ನದಿಯನ್ನು ಏನು ಮಾಡುವರೆಂಬುದೇ ನಿಶ್ಚಯಿಸುವುದು. ಪಟ್ಟಿಯ ಗಡಿ ಅಷ್ಟು ದೂರ ಹೋಗುವುದಿಲ್ಲ.

ಹನ್ನೊಂದು ಬಳಚುಗಳನ್ನು ಅಂಬಿಗನ ಮನೆಯವರು ಅಳಿವೆಯ ನೀರಿನಲ್ಲಿಯೇ ರಾತ್ರಿಯೆಲ್ಲ ಇಟ್ಟು ಮರಳನ್ನು ಕಕ್ಕಿಸಿದರು. ಮರುದಿನ ಬೇಯಿಸುವಾಗ ಬಾಯಿ ಬಿಡದಿದ್ದ ಒಂದನ್ನು ಎಸೆದು, ಉಳಿದ ಹತ್ತನ್ನು ತಮ್ಮ ಬುಟ್ಟಿಯ ಬಳಚುಗಳೊಡನೆ ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಬಡಿಸಿದರು. ನಮ್ಮ ಗುಂಪಿನ ಶಾಕಾಹಾರಿ ವಿದ್ಯಾರ್ಥಿಯೊಬ್ಬನು ಚಿಪ್ಪುಗಳನ್ನು ಮಾತ್ರ ಕೇಳಿ ತೆಗೆದುಕೊಂಡನು. ಉಂಡು ದಕ್ಕೆಗೆ ಬಂದಾಗ ನಾವು ಅಗೆದ ದಿಬ್ಬವು ಇನ್ನೂ ನೀರಿನಡಿಯಲ್ಲಿತ್ತು. ಹೆಂಗಸರು ಬುಟ್ಟಿಗಳನ್ನು ಪಕ್ಕದಲ್ಲಿಟ್ಟು ಕಂಬದ ಗೆರೆಯನ್ನು ನೋಡುತ್ತ ಕುಳಿತಿದ್ದರು.